ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್: ದೋಷ ಹುಡುಕುವ ವಿದ್ಯೆಯ ಒಂದು ಚರಿತ್ರೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ)

ಗಡಿನಾಡಿನ ಕನ್ನಡದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ 1956ರ ನವೆಂಬರ್ 1, ಮಹಾಜನ ವರದಿ, ಕನ್ನಡ ಶಾಲೆಗಳು – ಇಷ್ಟರಲ್ಲೇ ಸುತ್ತುತ್ತೇವೆ. ಅವು ಮುಖ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಕಾಸರಗೋಡಿನ ಗದ್ದೆಯಲ್ಲಿ ಒಂದು ಆಟ ಆಗಬೇಕಾದರೆ ಭಾಗವತರ ಪದ ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಬೇಕು. ಅದನ್ನು ಅಲ್ಲಿಗೆ ಮುಟ್ಟಿಸಿದ್ದು ಮೈಕ್ ಸೆಟ್. ಆ ಸೆಟ್ಟಿನ ಹೃದಯ ಪವರ್ ಆಂಪ್ಲಿಫೈಯರ್. ಅದನ್ನು ಕಟ್ಟಿದ, ಕೆಟ್ಟಾಗ ಬಿಚ್ಚಿ ಸರಿಮಾಡಿದ ಕೈಗಳ ವಿದ್ಯೆ ನಮ್ಮ ಚರಿತ್ರೆಯ ಬರವಣಿಗೆಯೊಳಗೆ ಬಂದದ್ದು ಬಹಳ ಕಡಿಮೆ.

ನನ್ನ ವಾದ ಇಷ್ಟು. ಆಂಪ್ಲಿಫೈಯರಿನ ಚರಿತ್ರೆ ಅಂದರೆ ಯಾವ ಸರ್ಕ್ಯೂಟ್ ಯಾವ ವರ್ಷ ಬಂತು ಅನ್ನುವ ಪಟ್ಟಿ ಅಂತ ತಿಳಿಯುತ್ತೇವೆ. ಅದರ ಬದಲು ಅದು ಹೇಗೆ ಕೆಡುತ್ತಿತ್ತು, ಕೆಟ್ಟದ್ದನ್ನು ಹೇಗೆ ಹುಡುಕುತ್ತಿದ್ದರು ಅಂತ ಕೇಳಿ ನೋಡಿ. ವಾಲ್ವ್, ಟ್ರಾನ್ಸಿಸ್ಟರ್, ಐಸಿ – ಈ ಮೂರು ಕಾಲಕ್ಕೆ ಮೂರು ಬಗೆಯ ರಿಪೇರಿಯವರು ಬೇಕಾದರು ಅನ್ನುವುದು ಕಾಣುತ್ತದೆ.

ವಾಲ್ವ್: ಕಣ್ಣಿಗೆ ಕಾಣುವ ದೋಷ

ಮನೆಯಲ್ಲಿ ಕಟ್ಟುವವರ ಮಟ್ಟಿಗೆ ದೊಡ್ಡ ತಿರುವು 1947. ಬ್ರಿಟನ್ನಿನ ಡಿ.ಟಿ.ಎನ್. ವಿಲಿಯಮ್ಸನ್ ಅವರು ಆ ವರ್ಷ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ 15 ವಾಟ್‌ನ ಆಂಪ್ಲಿಫೈಯರಿನ ಪೂರ್ತಿ ವಿವರ ಕೊಟ್ಟರು. ಎರಡು ಕೆಟಿ66 ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಒಳಗೊಂಡ ನೆಗೆಟಿವ್ ಫೀಡ್‌ಬ್ಯಾಕ್, 0.1 ಶೇಕಡಾದ ಒಳಗಿನ ವಿಕೃತಿ. ಕಷ್ಟ ಇದ್ದದ್ದು ಆ ಟ್ರಾನ್ಸ್‌ಫಾರ್ಮರಿನಲ್ಲಿ. ಸುತ್ತುವುದು ಸ್ವಲ್ಪ ಹೆಚ್ಚುಕಡಿಮೆ ಆದರೂ ಫೀಡ್‌ಬ್ಯಾಕ್ ತಿರುಗಿಬಿದ್ದು ಆಂಪ್ಲಿಫೈಯರ್ ತಾನಾಗಿಯೇ ಕೂಗತೊಡಗುತ್ತಿತ್ತು.

ಆದರೂ ವಾಲ್ವ್ ಒಂದು ರೀತಿ ಪಾಪದ ಪ್ರಾಣಿ. ಹೀಟರ್ ಉರಿಯದಿದ್ದರೆ ಕಣ್ಣಿಗೆ ಕಾಣುತ್ತದೆ. ಪ್ಲೇಟ್ ಕೆಂಪಗಾದರೆ ಕರೆಂಟ್ ಜಾಸ್ತಿ ಹರಿಯುತ್ತಿದೆ ಅಂತ ಅರ್ಥ. ಸಾಕೆಟ್ಟಿನಿಂದ ಕಿತ್ತು ಬೇರೆ ಹಾಕಿ ನೋಡಬಹುದು. ಒಳಗೆ 300 ವೋಲ್ಟಿಗೂ ಹೆಚ್ಚು ಇರುವುದರಿಂದ ಅಪಾಯ ಜಾಸ್ತಿ ಇದ್ದದ್ದು ರಿಪೇರಿ ಮಾಡುವವನಿಗೇ.

ಟ್ರಾನ್ಸಿಸ್ಟರ್: ಓಡುವ ದೋಷ

1960ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ 2ಎನ್3055 ಅನ್ನುವ ಸಿಲಿಕಾನ್ ಪವರ್ ಟ್ರಾನ್ಸಿಸ್ಟರ್ ತಂದಿತು. 15 ಆಂಪಿಯರ್, 60 ವೋಲ್ಟ್ ತಾಳಿಕೆ, ಲೋಹದ ಟೊಪ್ಪಿ. ನಮ್ಮಲ್ಲಿ 1969ರಲ್ಲಿ ‘ಇಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ ಶುರುವಾಯಿತು. ಆಮದಿಗೆ ಕಟ್ಟುನಿಟ್ಟು ಇದ್ದ ಕಾಲ ಅದು. ಬೆಂಗಳೂರಿನ ಬಿಇಎಲ್ ಟ್ರಾನ್ಸಿಸ್ಟರ್ ಮಾಡುತ್ತಿತ್ತು. 1970ರ ದಶಕದಲ್ಲಿ ಕಣ್ಣೂರಿನ ಕಲ್ಯಾಶ್ಶೇರಿಯಲ್ಲಿ ಕೆಲ್ಟ್ರಾನ್‌ನ ಘಟಕ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮಾಡತೊಡಗಿತು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯದೇ ಭಾಗ. ಬೇರೆ ಜಿಲ್ಲೆ ಆದದ್ದು 1984ರಲ್ಲಿ. ಕರ್ನಾಟಕದ ಟ್ರಾನ್ಸಿಸ್ಟರೂ ಕೇರಳದ ಕೆಪಾಸಿಟರೂ ಒಂದೇ ಬೋರ್ಡಿನ ಮೇಲೆ ಕೂರಬಹುದಾಗಿತ್ತು. ರಾಜ್ಯದ ಗಡಿ ಅದಕ್ಕೆ ಅಡ್ಡ ಬರಲಿಲ್ಲ.

ಇಲ್ಲಿ ದೋಷದ ಸ್ವಭಾವವೇ ಬದಲಾಯಿತು. ವಾಲ್ವ್ ಆಂಪ್ಲಿಫೈಯರಿಗೆ ಸ್ಪೀಕರ್ ಕಳಚಿಹೋದರೆ ಕೇಡು. ಟ್ರಾನ್ಸಿಸ್ಟರಿಗೆ ಸ್ಪೀಕರ್ ವಯರ್ ಒಂದಕ್ಕೊಂದು ತಾಗಿದರೆ ಕೇಡು. ಗದ್ದೆಯುದ್ದಕ್ಕೂ ವಯರ್ ಎಳೆದು ಹಾರ್ನ್ ಕಟ್ಟುವ ಊರಿನಲ್ಲಿ ಇದು ಸಣ್ಣ ಬದಲಾವಣೆ ಅಲ್ಲ. ಮತ್ತೆ, ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರ ಬೇಸ್‌–ಎಮಿಟರ್ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಇನ್ನೂ ಬಿಸಿಯಾಗುತ್ತದೆ. ಬಯಾಸ್ ಡಯೋಡನ್ನು ಹೀಟ್‌ಸಿಂಕಿಗೆ ತಾಗಿಸಿ ಕೂರಿಸುವುದು ಇದಕ್ಕಾಗಿಯೇ. ಒಂದು ಟ್ರಾನ್ಸಿಸ್ಟರ್ ಸತ್ತರೆ ಅದು ಹಿಂದಿನ ಡ್ರೈವರನ್ನೂ ಎಳೆದುಕೊಂಡು ಹೋಗುತ್ತದೆ. ಸುಟ್ಟದ್ದನ್ನು ಮಾತ್ರ ಬದಲಿಸಿ ಸ್ವಿಚ್ ಹಾಕಿದರೆ ಹೊಸದೂ ಕ್ಷಣದಲ್ಲಿ ಹೋಗುತ್ತದೆ.

ಹಾಗಾಗಿ ಹುಟ್ಟಿದ್ದು ಸೀರೀಸ್ ಬಲ್ಬಿನ ಕ್ರಮ. 60 ಅಥವಾ 100 ವಾಟ್‌ನ ಬಲ್ಬನ್ನು ಕರೆಂಟಿನ ದಾರಿಯಲ್ಲೇ ಇಟ್ಟು ಆಂಪ್ಲಿಫೈಯರಿಗೆ ಸ್ವಿಚ್ ಹಾಕುವುದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್ ತುಂಬಿತು, ದೊಡ್ಡ ಶಾರ್ಟ್ ಇಲ್ಲ ಅಂತ ಅರ್ಥ. ಹೊಳೆಯುತ್ತಲೇ ಇದ್ದರೆ ಒಳಗೆ ಶಾರ್ಟ್. ಟೊಪ್ಪಿಯ ಲೋಹವೇ ಕಲೆಕ್ಟರ್ ಆದ್ದರಿಂದ ಮೊದಲು ನೋಡಬೇಕಾದ್ದು ಅದರ ಕೆಳಗಿನ ಅಭ್ರಕದ ಹಾಳೆ ತೂತಾಗಿದೆಯೋ ಅಂತ.

ಆಮೇಲೆ ಮಧ್ಯಬಿಂದು. 24 ವೋಲ್ಟ್‌ನ ಒಂಟಿ ಸಪ್ಲೈ ಇದ್ದರೆ ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್ ಸೇರುವಲ್ಲಿ ಸುಮಾರು 12 ಸಿಗಬೇಕು. ಪ್ಲಸ್‌–ಮೈನಸ್ ಸಪ್ಲೈ ಆದರೆ ಸೊನ್ನೆ. ಅದು ಸರಿಬಂದ ಮೇಲಷ್ಟೇ ಸ್ಪೀಕರ್ ಕೊಡುವುದು.

ಕಿವಿಯ ವಿದ್ಯೆ

ಇನ್ನು ‘ಗುಂಯ್’ ಸದ್ದು. ಇದಕ್ಕೆ ಮೀಟರಿಗಿಂತ ಮೊದಲು ಕಿವಿ ಬೇಕು. ನಮ್ಮ ಕರೆಂಟ್ 50 ಹರ್ಟ್ಸ್. ಫುಲ್‌ವೇವ್ ರೆಕ್ಟಿಫೈಯರ್ ಆದ ಮೇಲೆ ಉಳಿಯುವ ಅಲೆ 100 ಹರ್ಟ್ಸ್, ಅಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಗುಂಯ್ ಮೇಲಿನದ್ದಾದರೆ ಸಂಶಯ ಒಣಗಿದ ಫಿಲ್ಟರ್ ಕೆಪಾಸಿಟರಿನ ಮೇಲೆ. ಕೆಳಗಿನದ್ದಾದರೆ ಮೈಕಿನ ವಯರಿನ ಶೀಲ್ಡ್ ಅಥವಾ ಅರ್ಥಿಂಗ್ ಮೇಲೆ. ಖಚಿತ ಮಾಡಲು ಇನ್‌ಪುಟ್ ಶಾರ್ಟ್ ಮಾಡಿ ನೋಡಬೇಕು. ಸದ್ದು ನಿಂತರೆ ದೋಷ ಹೊರಗೆ, ನಿಲ್ಲದಿದ್ದರೆ ಒಳಗೆ. ಶ್ರುತಿ ಗುರುತಿಸುವ ಕಿವಿ ಇದ್ದವನಿಗೆ ಮೊದಲ ಹೆಜ್ಜೆ ಸುಲಭ.

ಆಟಕ್ಕೆ ಇನ್ನೊಂದು ಪರೀಕ್ಷೆ ಉಂಟು. ಪದದ ಸರಾಸರಿ ಶಕ್ತಿ ಕಡಿಮೆ. ಚೆಂಡೆಯ ಪೆಟ್ಟು ಒಂದು ಕ್ಷಣಕ್ಕೆ ಎಷ್ಟೋ ಪಟ್ಟು ಹೆಚ್ಚು ಕೇಳುತ್ತದೆ. ಸಪ್ಲೈಯಲ್ಲಿ ಅಷ್ಟು ದಾಸ್ತಾನು ಇಲ್ಲದಿದ್ದರೆ ಪೆಟ್ಟಿನ ತುದಿ ಕತ್ತರಿಸಿ ಸದ್ದು ಒಡೆಯುತ್ತದೆ. ಸುಮ್ಮನೆ ವಾಟ್ ಏರಿಸಿ ಪ್ರಯೋಜನ ಇಲ್ಲ. ವಾಟ್ ಎರಡು ಪಟ್ಟು ಮಾಡಿದರೂ ಸಿಗುವುದು ಬರೀ 3 ಡೆಸಿಬೆಲ್.

ಐಸಿ: ಮುಚ್ಚಿದ ಪೆಟ್ಟಿಗೆ

ಟಿಬಿಎ810, ಆಮೇಲೆ ಸಾನ್ಯೊ ಕಂಪನಿಯ ಎಲ್‌ಎ4440 ಬಂದಾಗ ಕಟ್ಟುವುದು ಹುಡುಗರ ಆಟವಾಯಿತು. 12 ವೋಲ್ಟ್ ಬ್ಯಾಟರಿ ಸಾಕು, ಬಯಾಸ್ ಹೊಂದಿಸುವ ಗೊಡವೆ ಇಲ್ಲ. ಆದರೆ ದೋಷ ಈಗ ಕಪ್ಪು ಪ್ಲಾಸ್ಟಿಕ್ಕಿನ ಒಳಗೆ. ಹುಡುಕುವ ಪ್ರಶ್ನೆ ‘ಯಾವ ಭಾಗ’ ಅನ್ನುವುದರಿಂದ ‘ಯಾಕೆ ಸತ್ತಿತು’ ಅನ್ನುವುದಕ್ಕೆ ತಿರುಗಿತು. ಉದಾಹರಣೆಗೆ, 12 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಹಾಕಿದರೆ ಕೆಪಾಸಿಟರಿನ ಮೇಲೆ ಬರುವುದು 12 ಅಲ್ಲ, ಸುಮಾರು 16 ವೋಲ್ಟ್. 15ರದ್ದು ಹಾಕಿದರೆ ಅದು 20ರ ಹತ್ತಿರ ಹೋಗುತ್ತದೆ, ಎಲ್‌ಎ4440ರ ಮಿತಿ 18. ಇದನ್ನು ಕೇಳದೆ ಬರೀ ಐಸಿ ಬದಲಿಸುತ್ತಾ ಹೋದರೆ ಐಸಿ ಖರ್ಚಾಗುತ್ತದೆ, ರಿಪೇರಿ ಆಗುವುದಿಲ್ಲ.

ಈಗ ಬೋರ್ಡೇ ಬದಲಿಸುವ ಕಾಲ. ದೋಷ ಹುಡುಕುವ ಕ್ರಮ ಬಾಯಿಯಿಂದ ಬಾಯಿಗೆ ಬಂದದ್ದು. ಕಲಿಯುವವರು ಇಲ್ಲದಿದ್ದರೆ ಒಂದು ತಲೆಮಾರಿನಲ್ಲಿ ಮುಗಿಯುತ್ತದೆ. ನಮ್ಮ ವಿಭಾಗಗಳ ಕ್ಷೇತ್ರಕಾರ್ಯ ಪಾಡ್ದನ, ಐತಿಹ್ಯಗಳನ್ನು ದಾಖಲಿಸಿದ ಹಾಗೆಯೇ ಇದನ್ನೂ ದಾಖಲಿಸಬೇಕು ಅಂತ ನನ್ನ ಕೋರಿಕೆ. ಯಾವ ಸದ್ದಿಗೆ ಯಾವ ಹೆಸರು, ಅದು ಕನ್ನಡವೋ ತುಳುವೋ ಮಲಯಾಳವೋ – ಇಷ್ಟರಿಂದ ಶುರು ಮಾಡಬಹುದು.

ಸಭೆಯಿಂದ ಪ್ರಶ್ನೆ: ಕಂಪನಿಯ ಸೆಟ್ ಸಿಗುತ್ತಿರುವಾಗ ಕಷ್ಟಪಟ್ಟು ಯಾಕೆ ಕಟ್ಟಬೇಕಿತ್ತು, ಸರ್? ಬರೀ ದುಡ್ಡಿನ ಕಾರಣವೋ?

ಉತ್ತರ: ದುಡ್ಡೂ ಹೌದು. ಆದರೆ ನಡುರಾತ್ರಿ ಆಟದ ಮಧ್ಯೆ ಸದ್ದು ನಿಂತರೆ ಕಂಪನಿಯವರು ಬರುವುದಿಲ್ಲವಲ್ಲ. ತಾನೇ ಕಟ್ಟಿದವನಿಗೆ ಯಾವ ಸ್ಕ್ರೂ ಮೊದಲು ಬಿಚ್ಚಬೇಕು ಅಂತ ಗೊತ್ತಿರುತ್ತದೆ.