ಅಟ್ಲಾಸ್

ಭೂಪಟಗಳ ಪುಸ್ತಕಕ್ಕೆ ಈ ಹೆಸರಿಟ್ಟವನು ಗೆರಾರ್ಡಸ್ ಮರ್ಕೇಟರ್. ಅವನು ತೀರಿಕೊಂಡ ಮರುವರ್ಷ, 1595ರಲ್ಲಿ, ಆ ಸಂಪುಟ ಅಚ್ಚಾಯಿತು. ನಮಗೆ ನೆನಪಾಗುವುದು ಆಕಾಶ ಹೊತ್ತ ಗ್ರೀಕ್ ದೈತ್ಯ. ಮರ್ಕೇಟರನ ಮನಸ್ಸಿನಲ್ಲಿದ್ದವನು ಅದೇ ಹೆಸರಿನ, ಮಾರಿಟೇನಿಯಾದ ಪಂಡಿತ ರಾಜ.

ಮಿದುಳಿಗೂ ಅಟ್ಲಾಸ್ ಉಂಟು. 1909ರಲ್ಲಿ ಜರ್ಮನಿಯ ಕೊರ್ಬಿನಿಯನ್ ಬ್ರಾಡ್‌ಮನ್ ಜೀವಕೋಶಗಳ ಜೋಡಣೆ ನೋಡಿ ಮಿದುಳಿನ ಹೊರಪದರವನ್ನು ಭಾಗ ಮಾಡಿ ನಂಬರು ಹಾಕಿದ. ಬಹುಕಾಲ ಎಲ್ಲರೂ ನೆಚ್ಚಿದ್ದ 1988ರ ಟಲೈರಾಕ್ ಅಟ್ಲಾಸ್‌ಗೆ ಆಧಾರ ಯುರೋಪಿನ ಒಬ್ಬಳೇ ಹೆಂಗಸಿನ ಮಿದುಳು! ಬೆಂಗಳೂರಿನ ನಿಮ್ಹಾನ್ಸ್ ತಂಡ 2020ರಲ್ಲಿ 6ರಿಂದ 60 ವರ್ಷದ ಭಾರತೀಯರಿಗಾಗಿ, ಐದು ವಯೋಮಾನಕ್ಕೆ ಐದು ಮಾದರಿ ಪ್ರಕಟಿಸಿದ್ದು ಅದಕ್ಕೇ ದೊಡ್ಡ ಕೆಲಸ.

ಇಂಥ ಅಟ್ಲಾಸ್ ಬಳಸಿ ಮಾಡಿದ ಮಿದುಳಿನ ಅಧ್ಯಯನಗಳ ಫಲಿತಾಂಶ ಓದುವಾಗ ಮಾತ್ರ ಎಚ್ಚರ ಬೇಕು. ‘ಹಿಪ್ಪೊಕ್ಯಾಂಪಸ್‌ನಲ್ಲಿ ಚಟುವಟಿಕೆ ಕಡಿಮೆ’ ಎಂದರೆ, ಅಟ್ಲಾಸ್‌ನಲ್ಲಿ ಮಿದುಳಿನ ಆ ಭಾಗಕ್ಕೆ ಎಳೆದ ಗೆರೆಯೊಳಗಿನ ಎಲ್ಲ ಬಿಂದುಗಳ ಸರಾಸರಿ ಕಡಿಮೆ ಎಂದಷ್ಟೇ ಅರ್ಥ. ಬೈಂದೂರು ತಾಲ್ಲೂಕಿನ ಸರಾಸರಿ ಮಳೆ ಗೊತ್ತಾದರೆ ಅಲ್ಲಿನ ಯಡ್ತರೆಯ ಬೈಲಿಗೆ ಎಷ್ಟು ಬಿತ್ತೆಂದು ಹೇಳಲಾದೀತೆ? ಘಟ್ಟದ ಬುಡದ ಕೊಲ್ಲೂರಿನ ಜಡಿಮಳೆಯೂ ಅದೇ ಲೆಕ್ಕದಲ್ಲಿ ಸೇರಿರುತ್ತದೆ. ದೊಡ್ಡ ಭಾಗದ ಒಂದು ಮೂಲೆಯ ಬಲವಾದ ಬದಲಾವಣೆ ಹೀಗೆ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಗೆರೆಗಳೂ ಒಂದೊಂದು ಅಟ್ಲಾಸ್‌ನಲ್ಲಿ ಒಂದೊಂದು ಕಡೆ. ಒಂದೇ ಬಿಂದು ಒಂದರಲ್ಲಿ ಪಕ್ಕದ ಭಾಗವಾದ ಅಮಿಗ್ಡಲಾ, ಇನ್ನೊಂದರಲ್ಲಿ ಹಿಪ್ಪೊಕ್ಯಾಂಪಸ್ ಎನಿಸಿಕೊಳ್ಳಬಹುದು. ಹಾಗಾಗಿ ಒಳ್ಳೆಯ ಪ್ರಬಂಧಗಳು ಭಾಗದ ಹೆಸರಿನ ಜೊತೆಗೆ ಯಾವ ಅಟ್ಲಾಸ್, ಯಾವ ಆವೃತ್ತಿ ಎಂಬುದನ್ನೂ ಬರೆಯುತ್ತವೆ.