ಬಾಡಿಗೆ ಮನೆಯಲ್ಲಿ ಶಬ್ದದ ತೊಂದರೆ: ಮನೆ ಮಾಲೀಕರಿಗೆ ದೂರು ಸಲ್ಲಿಸುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಬಹುಮಹಡಿ ಕಟ್ಟಡಗಳಲ್ಲಿ ಬಾಡಿಗೆಗೆ ವಾಸಿಸುವವರು ಶಬ್ದದ ತೊಂದರೆಯನ್ನು ಸಾಮಾನ್ಯವಾಗಿ ಮೊದಲು ಬಾಯಿಮಾತಿನಲ್ಲಿ ತಿಳಿಸುತ್ತಾರೆ. ಫಲ ಕಾಣದಿದ್ದಾಗ ಕೆಲವರು ಬಾಡಿಗೆಯನ್ನು ತಡೆಹಿಡಿಯುತ್ತಾರೆ, ಕೆಲವರು ಅವಧಿಗೆ ಮೊದಲೇ ಮನೆ ಖಾಲಿ ಮಾಡುತ್ತಾರೆ. ಎರಡರಲ್ಲಿಯೂ ನಷ್ಟ ಬಾಡಿಗೆದಾರರದ್ದೇ. ಹಲವು ತಿಂಗಳ ಬಾಡಿಗೆಯಷ್ಟು ಮುಂಗಡ ಹಣ ಅಥವಾ ಭೋಗ್ಯದ ಇಡೀ ಮೊತ್ತ ಮಾಲೀಕರ ಕೈಯಲ್ಲಿರುವಾಗ, ಬರವಣಿಗೆಯಲ್ಲಿ ಏನೂ ಇಲ್ಲದ ಬಾಡಿಗೆದಾರರು ತಮ್ಮ ಪರವಾಗಿ ತೋರಿಸಲು ಯಾವ ದಾಖಲೆಯೂ ಇರುವುದಿಲ್ಲ. ಆದುದರಿಂದ ದಿನಾಂಕ ಸಹಿತ ಲಿಖಿತ ದೂರೇ ಮೊದಲ ಹೆಜ್ಜೆಯಾಗಿರತಕ್ಕದ್ದು.

ಮಾಲೀಕರ ಹೊಣೆ ಎಲ್ಲಿಯವರೆಗೆ

ಕರ್ನಾಟಕ ಬಾಡಿಗೆ ಅಧಿನಿಯಮ, 1999 ದಿನಾಂಕ 31-12-2001 ರಿಂದ ಜಾರಿಯಲ್ಲಿದೆ. ಆದರೆ ನಿಗದಿತ ದೊಡ್ಡ ನಗರಗಳಲ್ಲಿ ಮಾಸಿಕ ರೂ. 3,500 ಹಾಗೂ ಇತರ ಅನ್ವಯಿತ ಪ್ರದೇಶಗಳಲ್ಲಿ ರೂ. 2,000 ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಇಂದಿನ ಬಹುತೇಕ ಮನೆಗಳು ಈ ಮಿತಿಯ ಹೊರಗಿವೆ. ಅಂತಹವುಗಳಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಮತ್ತು ಉಭಯ ಪಕ್ಷಕಾರರ ನಡುವಿನ ಕರಾರು ಪತ್ರವೇ ಆಧಾರ.

ಸದರಿ ಅಧಿನಿಯಮದ ಕಲಂ 108 (ಸಿ) ಪ್ರಕಾರ, ಬಾಡಿಗೆ ಪಾವತಿಸುತ್ತಾ ಕರಾರಿನ ಷರತ್ತುಗಳನ್ನು ಪಾಲಿಸುವ ಬಾಡಿಗೆದಾರರು ಕರಾರಿನ ಅವಧಿಯಲ್ಲಿ ಮನೆಯನ್ನು ಅಡ್ಡಿಯಿಲ್ಲದೆ ಅನುಭವಿಸಬಹುದು ಎಂದು ಮಾಲೀಕರು ಒಪ್ಪಿಕೊಂಡಂತೆ ಭಾವಿಸಲಾಗುತ್ತದೆ. ಕರಾರಿನಲ್ಲಿ ಇದಕ್ಕೆ ವಿರುದ್ಧವಾದ ಷರತ್ತು ಇದೆಯೇ ಎಂಬುದನ್ನು ಮೊದಲು ಓದಿ ನೋಡುವುದು ಒಳಿತು. ಈ ಹೊಣೆಯನ್ನು ಮಾಲೀಕರು ಜಗತ್ತಿನ ಎಲ್ಲ ಶಬ್ದಕ್ಕೂ ಜವಾಬ್ದಾರರು ಎಂದು ಅರ್ಥೈಸಲು ಬರುವುದಿಲ್ಲ. ಶಬ್ದದ ಮೂಲ ಯಾರ ಹತೋಟಿಯಲ್ಲಿದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ನೆಲಮಹಡಿಯಲ್ಲಿ ಮಾಲೀಕರು, ಮೇಲಿನ ಮಹಡಿಗಳಲ್ಲಿ ಬಾಡಿಗೆದಾರರು ಇರುವ ಸ್ವಂತ ಕಟ್ಟಡಗಳಲ್ಲಿ ಪ್ರಶ್ನೆ ಸರಳ. ಶಬ್ದ ಮಾಡುವವರೂ ಅದೇ ಮಾಲೀಕರ ಬಾಡಿಗೆದಾರರಾಗಿರುತ್ತಾರೆ. ಸಂಪಿನಿಂದ ಮೇಲ್ಛಾವಣಿಯ ಟ್ಯಾಂಕಿಗೆ ನೀರೆತ್ತುವ ಮೋಟಾರು, ಜನರೇಟರ್, ನೆಲಮಹಡಿಯಲ್ಲಿ ಬಾಡಿಗೆಗೆ ಕೊಟ್ಟ ಹಿಟ್ಟಿನ ಗಿರಣಿ ಅಥವಾ ಕಬ್ಬಿಣದ ಗ್ರಿಲ್ ತಯಾರಿಸುವ ಅಂಗಡಿ, ಇವೆಲ್ಲವೂ ಅವರ ಹತೋಟಿಯಲ್ಲಿಯೇ ಇರುತ್ತವೆ. ಇಲ್ಲಿ ಪರಿಹಾರವನ್ನು ಅವರಿಂದ ನೇರವಾಗಿ ಕೇಳಬಹುದು.

ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಪ್ರತಿಯೊಂದು ಫ್ಲ್ಯಾಟಿಗೂ ಬೇರೆ ಬೇರೆ ಮಾಲೀಕರು. ಮೇಲಿನ ಫ್ಲ್ಯಾಟಿನವರಿಗೆ ಆದೇಶ ನೀಡುವ ಅಧಿಕಾರ ತಮ್ಮ ಮಾಲೀಕರಿಗೆ ಇರುವುದಿಲ್ಲ. ಆದರೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972 ಕ್ಕೆ ಒಳಪಟ್ಟ ಕಟ್ಟಡಗಳಲ್ಲಿ ಘೋಷಣಾ ಪತ್ರ ಮತ್ತು ಉಪವಿಧಿಗಳು ಮಾಲೀಕರಿಗೂ ಅವರ ಬಾಡಿಗೆದಾರರಿಗೂ ಬದ್ಧವಾಗಿರುತ್ತವೆ. ಸಂಘದ ಸದಸ್ಯತ್ವ ಇರುವುದು ಮಾಲೀಕರಿಗೆ, ಬಾಡಿಗೆದಾರರಿಗಲ್ಲ. ಆದ ಕಾರಣ ತಮ್ಮ ದೂರನ್ನು ಸಂಘದ ಮುಂದೆ ಇಡುವಂತೆ ಮಾಲೀಕರನ್ನು ಕೋರುವುದು ಸೂಕ್ತ. ಪ್ರತಿಯೊಂದನ್ನು ಸಂಘದ ಕಾರ್ಯದರ್ಶಿಯವರಿಗೆ ನೀಡಲು ಅಡ್ಡಿಯಿಲ್ಲ.

ಯಾವ ಶಬ್ದ ದೂರಿಗೆ ಅರ್ಹ

ಮಕ್ಕಳ ಹೆಜ್ಜೆಯ ಸಪ್ಪಳ, ಬೆಳಗಿನ ಮಿಕ್ಸಿ, ಕುಕ್ಕರಿನ ಸೀಟಿ, ಹಬ್ಬದ ದಿನದ ಪೂಜೆಯ ಗಂಟೆ ಇವು ವಾಸದ ಸಹಜ ಶಬ್ದಗಳು. ಇವುಗಳ ಮೇಲೆ ದೂರು ಬರೆದಲ್ಲಿ ಮುಂದೆ ಬರೆಯುವ ನಿಜವಾದ ದೂರಿಗೂ ಬೆಲೆ ಇಲ್ಲದಂತಾಗುತ್ತದೆ.

ಶಬ್ದ ಮಾಲಿನ್ಯ (ಕ್ರಮಬದ್ಧಗೊಳಿಸುವಿಕೆ ಮತ್ತು ನಿಯಂತ್ರಣ) ನಿಯಮಗಳು, 2000 ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು (ಬೆಳಿಗ್ಗೆ 6 ರಿಂದ ರಾತ್ರಿ 10) 55 ಡೆಸಿಬೆಲ್, ರಾತ್ರಿ (10 ರಿಂದ ಬೆಳಿಗ್ಗೆ 6) 45 ಡೆಸಿಬೆಲ್ ಮಿತಿ ನಿಗದಿಯಾಗಿದೆ. ವಾಣಿಜ್ಯ ಪ್ರದೇಶದಲ್ಲಿ ಇದು ಕ್ರಮವಾಗಿ 65 ಮತ್ತು 55. ಮನೆ ಯಾವ ಪ್ರದೇಶದಲ್ಲಿದೆ ಎಂಬುದನ್ನು ಗಮನಿಸತಕ್ಕದ್ದು. 2010 ರ ತಿದ್ದುಪಡಿಯ ನಂತರ, ವಸತಿ ಪ್ರದೇಶದಲ್ಲಿ ರಾತ್ರಿ ವೇಳೆ ಶಬ್ದ ಹೊರಡಿಸುವ ನಿರ್ಮಾಣ ಯಂತ್ರಗಳನ್ನು ಬಳಸುವಂತಿಲ್ಲ. ಪಕ್ಕದ ನಿವೇಶನದಲ್ಲಿ ರಾತ್ರಿ ಹನ್ನೊಂದಕ್ಕೆ ಟೈಲ್ಸ್ ಕತ್ತರಿಸುವ ಯಂತ್ರ ಓಡುತ್ತಿದ್ದಲ್ಲಿ ಈ ನಿಯಮವೇ ಸಾಕು.

ಈ ಮಿತಿಗಳು ಪರಿಸರದ ಶಬ್ದಕ್ಕೆ ಸಂಬಂಧಿಸಿದವು. ಮೇಲಿನ ಮನೆಯವರು ಮಂಚ ಎಳೆಯುವ ಶಬ್ದವು ಕಾಂಕ್ರೀಟ್ ಛಾವಣಿಯ ಮೂಲಕ ಇಳಿದು ಬರುತ್ತದೆ. ಅದನ್ನು ಡೆಸಿಬೆಲ್ ಲೆಕ್ಕದಲ್ಲಿ ಸಾಬೀತುಪಡಿಸುವುದು ಕಷ್ಟ, ಆದರೆ ಕುರ್ಚಿ ಮಂಚಗಳ ಕಾಲಿಗೆ ರಬ್ಬರ್ ಬುಡ ಹಾಕಿಸಿದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಮೋಟಾರಿನ ವಿಷಯವೂ ಹಾಗೆಯೇ. ಮೋಟಾರಿನ ಅಡಿಗೆ ರಬ್ಬರ್ ಹಾಸು ಹಾಕಿಸಿ, ಪೈಪು ಗೋಡೆಗೆ ತಾಗುವಲ್ಲಿಯೂ ರಬ್ಬರ್ ಇರಿಸಿ, ನೀರು ಬಿಡುವ ಸಮಯವನ್ನು ಬೆಳಿಗ್ಗೆ ಆರರ ನಂತರಕ್ಕೆ ಬದಲಾಯಿಸಿದಲ್ಲಿ ವ್ಯಾಜ್ಯವೇ ಬೇಕಾಗುವುದಿಲ್ಲ. ಇಷ್ಟು ಸಣ್ಣ ಖರ್ಚಿನ ಪರಿಹಾರವನ್ನು ದೂರಿನಲ್ಲಿಯೇ ಸೂಚಿಸಿದರೆ ಮಾಲೀಕರು ಒಪ್ಪುವ ಸಂಭವ ಹೆಚ್ಚು.

ದೂರು ಬರೆಯುವ ಕ್ರಮ

ಎರಡು ವಾರ ಒಂದು ಪುಸ್ತಕದಲ್ಲಿ ದಿನಾಂಕ, ಆರಂಭದ ವೇಳೆ, ಮುಗಿದ ವೇಳೆ, ಶಬ್ದದ ಸ್ವರೂಪ ಮತ್ತು ಅದರಿಂದಾದ ತೊಂದರೆಯನ್ನು ಬರೆದಿಡತಕ್ಕದ್ದು. ಅಂಗಡಿಯ ರೋಜು ಪುಸ್ತಕದಂತೆ ಆಯಾ ದಿನದ ನಮೂದು ಆಯಾ ದಿನವೇ ಆಗಬೇಕು. ತಿಂಗಳ ಕೊನೆಯಲ್ಲಿ ಒಟ್ಟಿಗೆ ಬರೆದ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಮೊಬೈಲಿನಲ್ಲಿ ಅಳೆದ ಡೆಸಿಬೆಲ್ ಸೂಚನೆಗೆ ಮಾತ್ರ ಉಪಯುಕ್ತ, ಅಧಿಕೃತ ಮಾಪನವೆಂದು ಪರಿಗಣಿಸಲಾಗದು. ನೆರೆಯ ಮತ್ತೊಬ್ಬ ನಿವಾಸಿಯ ಸಹಿ ದೊರೆತಲ್ಲಿ ಅದಕ್ಕೆ ಹೆಚ್ಚಿನ ತೂಕವಿದೆ.

"ಯಾವಾಗಲೂ ಗಲಾಟೆ" ಎಂದು ಬರೆದ ಪತ್ರಕ್ಕೆ ಕ್ರಮ ಕೈಗೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಈ ಕೆಳಕಂಡ ಮಾದರಿಯನ್ನು ಅನುಸರಿಸಬಹುದು:

ಮಾನ್ಯರೇ,
ವಿಷಯ: ನೀರಿನ ಮೋಟಾರಿನ ಶಬ್ದದಿಂದ ಉಂಟಾಗುತ್ತಿರುವ ತೊಂದರೆಯ ಬಗ್ಗೆ.
ನಾನು ತಮ್ಮ ಕಟ್ಟಡದ ಮೊದಲನೇ ಮಹಡಿಯಲ್ಲಿ ದಿನಾಂಕ ........ ರ ಕರಾರಿನಂತೆ ವಾಸವಾಗಿದ್ದು, ಈವರೆಗಿನ ಬಾಡಿಗೆಯನ್ನು ಪೂರ್ಣವಾಗಿ ಪಾವತಿಸಿರುತ್ತೇನೆ. ದಿನಾಂಕ ........ ರಿಂದ ........ ರವರೆಗೆ ....... ದಿನಗಳು ಬೆಳಗಿನ ಜಾವ 4 ರಿಂದ 5 ರವರೆಗೆ ಮೋಟಾರು ಚಾಲನೆಯಲ್ಲಿದ್ದು, ಮಲಗುವ ಕೋಣೆಯ ಗೋಡೆ ಅದುರುತ್ತಿದೆ. ವಿವರಗಳ ಪಟ್ಟಿಯನ್ನು ಲಗತ್ತಿಸಿದೆ. ಮೋಟಾರಿನ ಅಡಿಗೆ ರಬ್ಬರ್ ಹಾಸು ಅಳವಡಿಸಿ, ಚಾಲನೆಯ ವೇಳೆಯನ್ನು ಬದಲಾಯಿಸಬೇಕಾಗಿ ಕೋರುತ್ತೇನೆ. 15 ದಿನಗಳೊಳಗೆ ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.
ತಮ್ಮ ವಿಶ್ವಾಸಿ,
(ಸಹಿ ಮತ್ತು ದಿನಾಂಕ)

ಪತ್ರವನ್ನು ಕೈಯಾರೆ ನೀಡಿದಲ್ಲಿ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯತಕ್ಕದ್ದು. ಸಹಿಗೆ ನಿರಾಕರಿಸಿದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನು ಕಾಯ್ದಿಡಬೇಕು. ವಾಟ್ಸ್ಆ್ಯಪ್ ಸಂದೇಶ ಇದರ ಜೊತೆಗೆ ಇರಲಿ, ಇದರ ಬದಲಿಗೆ ಬೇಡ.

ಬಾಡಿಗೆ ತಡೆಹಿಡಿಯಬಾರದು

ಮೇಲ್ಕಂಡ ಕಲಂ 108 (ಸಿ) ರ ರಕ್ಷಣೆ ಬಾಡಿಗೆ ಪಾವತಿಸುತ್ತಿರುವವರಿಗೆ ಮಾತ್ರ. ಶಬ್ದದ ಕಾರಣ ನೀಡಿ ಬಾಡಿಗೆ ನಿಲ್ಲಿಸಿದವರು ತಾವೇ ಕರಾರು ಮುರಿದವರಾಗುತ್ತಾರೆ, ಹಾಗೂ ಮಾಲೀಕರು ತೆರವಿನ ದಾವೆ ಹೂಡಲು ದಾರಿ ಮಾಡಿಕೊಟ್ಟಂತಾಗುತ್ತದೆ. ಬಾಡಿಗೆಯನ್ನು ಬ್ಯಾಂಕ್ ಮೂಲಕ ಪಾವತಿಸಿ ದಾಖಲೆ ಇಟ್ಟುಕೊಳ್ಳತಕ್ಕದ್ದು. ಮನೆ ಬಿಡುವುದೇ ಆದಲ್ಲಿ, ಕರಾರಿನಲ್ಲಿ ಬೇರೆ ಅವಧಿ ಹೇಳದಿದ್ದರೆ ಮಾಸಿಕ ಬಾಡಿಗೆಗೆ ಕಲಂ 106 ರಂತೆ 15 ದಿನಗಳ ನೋಟಿಸ್ ಅಗತ್ಯ. ನಮ್ಮಲ್ಲಿನ ಅನೇಕ ಕರಾರುಗಳಲ್ಲಿ ಒಂದರಿಂದ ಮೂರು ತಿಂಗಳ ನೋಟಿಸ್ ಬರೆದಿರುತ್ತಾರೆ, ಕೆಲವರು ಕನಿಷ್ಠ ವಾಸದ ಅವಧಿಯನ್ನೂ ಸೇರಿಸುತ್ತಾರೆ. ಮುಂಗಡ ಹಣದ ಕಡಿತದ ವಿವಾದ ಹುಟ್ಟುವುದು ಇಲ್ಲಿಯೇ. ದೂರಿನ ಪ್ರತಿಗಳು ಆಗ ಮತ್ತೆ ಉಪಯೋಗಕ್ಕೆ ಬರುತ್ತವೆ.

ಮಾಲೀಕರು ಸ್ಪಂದಿಸದಿದ್ದಲ್ಲಿ

ತಡರಾತ್ರಿಯ ಧ್ವನಿವರ್ಧಕ, ಸಂಗೀತ ಮುಂತಾದ ತುರ್ತು ಸಂದರ್ಭದಲ್ಲಿ ಮಾಲೀಕರ ಉತ್ತರಕ್ಕಾಗಿ ಕಾಯುವ ಅಗತ್ಯವಿಲ್ಲ. 112 ಕ್ಕೆ ಕರೆ ಮಾಡಬಹುದು. ನಿಯಮ 7 ರ ಪ್ರಕಾರ ಶಬ್ದವು ನಿಗದಿತ ಮಿತಿಯನ್ನು 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದಲ್ಲಿ ಅಥವಾ ರಾತ್ರಿ ವೇಳೆಯ ನಿರ್ಬಂಧಗಳ ಉಲ್ಲಂಘನೆಯಾದಲ್ಲಿ ಯಾವುದೇ ವ್ಯಕ್ತಿ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಅಂತಹ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಪೊಲೀಸ್ ಉಪ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ವಹಿಸಬಹುದಾಗಿರುತ್ತದೆ. ದಿನಾಂಕ 18-07-2005 ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಬ್ದದ ಹಾವಳಿಯಿಲ್ಲದೆ ನೆಮ್ಮದಿಯಿಂದ ಬದುಕುವುದು ಸಂವಿಧಾನದ 21 ನೇ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ಹೇಳಿದೆ.

ಬೀದಿಯ ಹಲವರಿಗೆ ತೊಂದರೆಯಾಗುತ್ತಿದ್ದಲ್ಲಿ ಅದು ಸಾರ್ವಜನಿಕ ಉಪದ್ರವ. 01-07-2024 ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152 ರಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಅದನ್ನು ನಿಲ್ಲಿಸಲು ಷರತ್ತುಬದ್ಧ ಆದೇಶ ಹೊರಡಿಸಬಹುದು. ತೊಂದರೆ ಒಂದು ಮನೆಗೆ ಸೀಮಿತವಾದಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ನಿರ್ಬಂಧಕಾಜ್ಞೆ ಕೋರಬೇಕಾಗುತ್ತದೆ. ಇದು ಸಮಯ ಹಿಡಿಯುವ ಕೆಲಸ. ಆದ್ದರಿಂದ ಮೊದಲು ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಂಸ್ಥೆಯನ್ನು ಸಂಪರ್ಕಿಸಿ, ದಾವೆ ಪೂರ್ವ ರಾಜಿಗೆ ಅರ್ಜಿ ಸಲ್ಲಿಸುವುದು ಮೇಲು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅರ್ಜಿಯೊಂದಿಗೆ ಕರಾರು ಪತ್ರ, ಬಾಡಿಗೆ ಪಾವತಿಯ ದಾಖಲೆ, ಮಾಲೀಕರಿಗೆ ನೀಡಿದ ದೂರಿನ ಸ್ವೀಕೃತಿ ಪ್ರತಿ ಮತ್ತು ನಮೂದುಗಳ ಪುಸ್ತಕವನ್ನು ಲಗತ್ತಿಸತಕ್ಕದ್ದು.