ಗಡಿಸೀಮೆಯ ಗುಣವಾಚಕಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳುಗಳು ನೆರೆಹೊರೆಯಾಗಿ ಬಾಳತೊಡಗಿ ಶತಮಾನಗಳೇ ಸಂದಿವೆ. ಇಂದು ಕೋಲಾರವೆನಿಸಿದ ಗಂಗರ ಕುವಲಾಲಪುರವು ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರ ವಶವಾದ ಬಳಿಕ ಕೋಲಾರಮ್ಮನ ಗುಡಿಯಲ್ಲಿ ತಮಿಳು ಶಾಸನಗಳು ಮೂಡಿದವು. 1905ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕವೆಂಬ ಶಾಸನಸಂಗ್ರಹದ ಹತ್ತನೆಯ ಸಂಪುಟವನ್ನು ತೆರೆದವರಿಗೆ ಈ ಬಹುಭಾಷಾ ಸಹವಾಸವು ಶಿಲೆಯಲ್ಲಿಯೇ ಗೋಚರಿಸುವುದು.

ದೂರದಿಂದ ಬಂದವರಿಗೆ ಪರಭಾಷೆಯನ್ನು ಕಲಿಯಲು ಗ್ರಂಥವು ಬೇಕಾಯಿತು. ನಮ್ಮ ಕನ್ನಡಕ್ಕೆ ಪಾದ್ರಿ ವಿಲಿಯಂ ಕೇರಿ 1817ರಲ್ಲಿ ವ್ಯಾಕರಣವನ್ನು ಅಚ್ಚು ಮಾಡಿಸಿದರು. ಕೋಲಾರದ ಒಕ್ಕಲಿಗನಿಗಾದರೋ ಸಂತೆಯೇ ಪಾಠಶಾಲೆ. ಎತ್ತು ಯಾವ ಬಣ್ಣದ್ದು, ಬೀಜ ಹೊಸದೋ ಹಳೆಯದೋ, ಹಣ್ಣು ಸಿಹಿಯೋ ಹುಳಿಯೋ ಎಂಬುದನ್ನು ಅರಿಯದೆ ವ್ಯಾಪಾರವು ಕುದುರದಾದುದರಿಂದ, ಗುಣವನ್ನು ಹೇಳುವ ಮಾತುಗಳೇ ಅಲ್ಲಿ ಮೊದಲು ನಾಲಗೆಗೆ ಹತ್ತುತ್ತಿದ್ದವೆಂದು ನನ್ನ ನಂಬಿಕೆ.

ಈ ಕಲಿಕೆಗೆ ಮೂರು ನುಡಿಗಳ ಸ್ವಭಾವವೂ ಅನುಕೂಲವಾಗಿದೆ. ದೊಡ್ಡ ಕೆರೆ, ಪೆದ್ದ ಚೆರುವು, ಪೆರಿಯ ಏರಿ: ಮೂರರಲ್ಲಿಯೂ ಗುಣವಾಚಕವು ನಾಮಪದಕ್ಕೆ ಮೊದಲೇ ನಿಲ್ಲುವುದಲ್ಲದೆ, ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುವಂತೆ ಇಲ್ಲಿ ರೂಪವನ್ನು ಬದಲಿಸುವುದಿಲ್ಲ. ಮಾತುಗಳಲ್ಲಿಯೂ ನಂಟುಂಟು: ನಮ್ಮ ಹುಳಿಯು ಹಳಗನ್ನಡದಲ್ಲಿ ಪುಳಿಯೇ ಆಗಿದ್ದಿತು. ತಮಿಳಿನ ಪುಳಿಪ್ಪು, ತೆಲುಗಿನ ಪುಲುಪುಗಳು ಅದರ ಒಡಹುಟ್ಟುಗಳು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಈ ಬಾಂಧವ್ಯವು ಕಿವಿಗೆ ತಾನಾಗಿಯೇ ತಿಳಿಯುವಂಥದು.

ಎಚ್ಚರ ಬೇಕಾದ ಎಡೆಗಳೂ ಉಂಟು. ತೆಲುಗಿನವನು ‘ನಲ್ಲ ಎದ್ದು’ ಎಂದರೆ ಕರಿಯ ಎತ್ತು. ತಮಿಳಿನವನು ‘ನಲ್ಲ ಮಾಡು’ ಎಂದರೆ ಒಳ್ಳೆಯ ದನ. ಒಂದೇ ಸದ್ದು ಒಬ್ಬನಿಗೆ ವರ್ಣವನ್ನೂ ಮತ್ತೊಬ್ಬನಿಗೆ ಪ್ರಶಂಸೆಯನ್ನೂ ಸೂಚಿಸುವ ಇಂಥಲ್ಲಿ, ಆಡಿದವನ ಮನೆಮಾತನ್ನು ಬಲ್ಲವನೇ ಮೋಸಹೋಗದವನು.

ಇಂಥ ಬಹುಭಾಷಾಭ್ಯಾಸವು ಕನ್ನಡವನ್ನು ಕುಗ್ಗಿಸಿತೆಂದು ಶಂಕಿಸುವವರು ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ನೆನೆಯಬೇಕು: ತಮಿಳು ಮನೆಮಾತಿನ ಅವರು ಕನ್ನಡದ ಸಣ್ಣಕಥೆಯನ್ನು ಬೆಳೆಸಿದರು, 1983ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು.

ಮಣ್ಣು, ಮಳೆ, ದನ, ಬೆಳೆಗಳನ್ನು ಬಣ್ಣಿಸಲು ಈ ಸೀಮೆಯ ವೃದ್ಧರು ಮೂರು ನುಡಿಗಳಲ್ಲಿಯೂ ಬಳಸುವ ಮಾತುಗಳನ್ನು, ಅವರು ಇರುವಾಗಲೇ, ಮುಳಬಾಗಿಲು ಶ್ರೀನಿವಾಸಪುರಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಬರೆಯಿಸಿಡಬೇಕೆಂದು ಪ್ರಾರ್ಥಿಸುತ್ತೇನೆ.